ಎಂಟನೇ ಹೋಲಿನ ರೊಬಸ್ಟಾ ಗಿಡ

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರು ಹೇಳಿ ನಿಮಗೆ ಗೊತ್ತಾಗುವುದು ಬೇಡ. ಆಲ್ದೂರಿನಲ್ಲಿ ನಮ್ಮದು ಪೈಪು, ಮೋಟಾರು, ಸ್ಪ್ರಿಂಕ್ಲರುಗಳ ಅಂಗಡಿ. ಬರುವವರು ಮೊದಲು ಬಾಗಿಲಲ್ಲಿ ನಿಂತು ಒಳಗೆ ಯಾರು ಕೂತಿದ್ದಾರೆ ಎಂದು ಇಣುಕುತ್ತಾರೆ. ನಮ್ಮ ಯಜಮಾನರು ಓಂಕಾರಮೂರ್ತಿ ಇದ್ದರೆ ಬಂದು ಕೂತು ಹರಟೆ ಹೊಡೆಯುತ್ತಾರೆ. ನಾನಿದ್ದರೆ ಬೇಕಾದ್ದನ್ನು ಕೇಳಿ, ಕಟ್ಟಿಸಿಕೊಂಡು, ಬಂದ ದಾರಿ ಹಿಡಿಯುತ್ತಾರೆ. ಇಂಥ ರುದ್ರಾಣಿ ಐವತ್ತೊಂದನೇ ವಯಸ್ಸಿನಲ್ಲಿ, ಹುಲ್ಲಿನ ಮೇಲೆ ತೆಪ್ಪಗೆ ಬಿದ್ದಿರುವ ಒಂದು ಬಿಳಿ ಚೆಂಡಿಗೆ ಸೋತು ಅತ್ತಳು ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಅತ್ತಿದ್ದೇನೆ. ನವೆಂಬರಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ.

ಬಣಕಲ್ ಕಡೆಯ ಒಂದು ಗುಡ್ಡದ ಮೇಲೆ ನಮ್ಮ ಗಾಲ್ಫ್ ಕ್ಲಬ್ಬಿದೆ. ಇರುವುದು ಒಂಬತ್ತೇ ಹೋಲು. ಹದಿನೆಂಟು ಆಡಬೇಕೆಂದರೆ ಅದೇ ಗುಡ್ಡವನ್ನು ಎರಡು ಸಲ ಸುತ್ತಬೇಕು. ಮಳೆಗಾಲದಲ್ಲಿ ಅಲ್ಲಿ ಜಿಗಣೆಗಳನ್ನು ಬಿಟ್ಟರೆ ಇನ್ಯಾರೂ ಓಡಾಡುವುದಿಲ್ಲ. ಅಕ್ಟೋಬರಿನಲ್ಲಿ ಹುಲ್ಲು ಕತ್ತರಿಸಿದರೆ ಆಟ ಶುರು, ಏಪ್ರಿಲಿನ ಗುಡುಗು ಬಂದರೆ ಮುಗಿಯಿತು. ಕ್ಲಬ್ಬಿನ ಹುಲ್ಲಿಗೆ ನೀರು ಹಾಯಿಸುವ ಪೈಪು ನಮ್ಮ ಅಂಗಡಿಯದು. ಅದನ್ನು ಹಾಕಿಸಲು ಹೋಗಿ ಬಂದು ಯಜಮಾನರು ಆರು ವರ್ಷದ ಹಿಂದೆ ಮೆಂಬರಾದರು. ಅವರು ನಾಲ್ಕು ಹೋಲು ಆಡಿ ಜಗಲಿಯಲ್ಲಿ ಕೂತು ಕಾಫಿ ಕುಡಿದು ಸುಖವಾಗಿ ಮನೆಗೆ ಬರುವ ಜಾತಿ. ನೋಡಲು ಹೋದ ನಾನು ಒಂದು ಸಲ ಕೋಲು ಹಿಡಿದೆ, ಚೆಂಡು ತಗ್ಗಿನ ಆಚೆ ದಾಟಿ ಬಿತ್ತು. ಅಲ್ಲಿಗೆ ನನ್ನ ಸುಖ ಮುಗಿಯಿತು.

ಕಳೆದ ಅಕ್ಟೋಬರಿನಲ್ಲಿ ಕ್ಯಾಪ್ಟನ್ ರೇಣುಕಪ್ರಸಾದ್ ಬೋರ್ಡಿಗೆ ಒಂದು ಕಾಗದ ಅಂಟಿಸಿದರು. ಮಾರ್ಚ್ ಕೊನೆಗೆ ಕೊಡಗಿನವರ ಜೊತೆ ಪಂದ್ಯ, ನಮ್ಮ ಕ್ಲಬ್ಬಿನಿಂದ ಎಂಟು ಜನರ ತಂಡ, ಸೀಸನ್ನಿನ ಆಟ ನೋಡಿ ಆಯ್ಕೆ. ಇದುವರೆಗೆ ಆ ತಂಡದಲ್ಲಿ ಹೆಂಗಸು ಹೋದದ್ದಿಲ್ಲ, ಅಂಗಡಿಯವರಂತೂ ಹೋದದ್ದೇ ಇಲ್ಲ. ಹೋದವರೆಲ್ಲ ನೂರು, ಇನ್ನೂರು ಎಕರೆ ತೋಟದವರು. ಅವರು ಕೆಟ್ಟವರಲ್ಲ. ಸಿಕ್ಕಾಗ ನಗುತ್ತಾರೆ, 'ಬನ್ನಿ ಪೈಪ್ ಅಂಗಡಿಯವ್ರೆ' ಎನ್ನುತ್ತಾರೆ. ಆ ಹೆಸರು ಕೇಳಿದಾಗಲೆಲ್ಲ ನನಗೆ ಕಾಲಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಆ ತಂಡದಲ್ಲಿ ನನ್ನ ಹೆಸರು ಬರಬೇಕು. ಬೋರ್ಡಿನ ಮೇಲೆ ರುದ್ರಾಣಿ ಎಂದು ಬರೆಯಬೇಕು. ನನಗೆ ಬೇಕಾದ್ದು ಅಷ್ಟೇ.

"ಅಲ್ಲ ಮಾರಾಯ್ತಿ, ಆ ತಂಡಕ್ಕೆ ಸೇರಿದ್ರೆ ಎಂತ ಸಿಗ್ತದೆ?" ಎಂದು ಯಜಮಾನರು ಕೇಳಿದರು.

"ಒಂದು ಹಸಿರು ಟೀ ಶರ್ಟು."

"ಅದನ್ನ ನಾನೇ ಮೂಡಿಗೆರೆಯಲ್ಲಿ ತಂದ್ಕೊಡ್ತೀನಲ್ಲ."

ಇಂಥವರ ಜೊತೆ ಏನು ಮಾತಾಡುವುದು. ಆ ದಿನವೇ ಹೋಗಿ, ಹೆಂಗಸರಿಗೆಂದು ಮುಂದೆ ಇಟ್ಟಿರುವ ಜಾಗದಿಂದ ಹೊಡೆಯುವುದಿಲ್ಲ, ಗಂಡಸರು ಹೊಡೆಯುವ ಜಾಗದಿಂದಲೇ ಹೊಡೆಯುತ್ತೇನೆ ಎಂದು ಕ್ಯಾಪ್ಟನ್ನರಿಗೆ ಹೇಳಿ ಬಂದೆ. ಯಾರೂ ಹಾಗೆ ಕೇಳಿರಲಿಲ್ಲ. ಸಿಟ್ಟಿನ ಜೊತೆ ನನಗೆ ಹಠವೂ ಇದೆ.

ನನ್ನ ಬ್ಯಾಗ್ ಹೊರುತ್ತಿದ್ದವರು ಚೌಡಯ್ಯ. ಅರವತ್ತೆರಡು ವರ್ಷ. ವಸ್ತಾರೆ ಹತ್ತಿರದ ಒಂದು ಎಸ್ಟೇಟಿನಲ್ಲಿ ನಲವತ್ತು ವರ್ಷ ದುಡಿದು, ಮೇಸ್ತ್ರಿಯಾಗಿ ನಿವೃತ್ತರಾದ ಮೇಲೆ ಕ್ಲಬ್ಬಿಗೆ ಬಂದು ಕ್ಯಾಡಿಯಾದವರು. ಕಾಫಿ ಗಿಡ ಕಸಿ ಮಾಡುವುದರಲ್ಲಿ, ಅಂದರೆ ಬೇಡದ ರೆಂಬೆ ಚಿಗುರು ತೆಗೆದು ಗಿಡವನ್ನು ಹದಕ್ಕೆ ತರುವುದರಲ್ಲಿ, ಸುತ್ತಮುತ್ತ ಅವರಷ್ಟು ಪಳಗಿದ ಕೈ ಇಲ್ಲವೆಂದು ಹೆಸರಿತ್ತು. ಮಾತು ಕಡಿಮೆ. ನೆಲದ ಇಳಿಜಾರನ್ನು ಕಣ್ಣಲ್ಲೇ ಅಳೆದು, "ಬಲಕ್ಕೆ ಒಂದು ಅಂಗೈಯಷ್ಟು ಬಿಡಿ ಅಮ್ಮ" ಎಂದರೆ, ಬಿಟ್ಟ ಚೆಂಡು ತಾನಾಗಿ ಹೊರಳಿ ಗುಂಡಿ ಸೇರುತ್ತಿತ್ತು. ಅವರಿಗೂ ಒಂದು ಆಸೆ ಇತ್ತು. ತಂಡಕ್ಕೆ ಸೇರಿದರೆ ಅವರನ್ನೂ ಕೊಡಗಿಗೆ ಕರೆದುಕೊಂಡು ಹೋಗುತ್ತೇನೆಂದು ನಾನು ಮಾತು ಕೊಟ್ಟಿದ್ದೆ.

"ಹದಿನೆಂಟು ಹೋಲು ಬೇರೆಬೇರೆ ಇರ್ತಾವಂತಲ್ಲಮ್ಮ ಅಲ್ಲಿ. ಹೋದ ದಾರೀಲೇ ತಿರುಗಿ ಹೋಗೋದಿಲ್ಲಂತೆ. ಅದೊಂದು ನೋಡ್ಬೇಕು" ಎನ್ನುತ್ತಿದ್ದರು.

ನವೆಂಬರ್ ನನ್ನ ಪಾಲಿಗೆ ಶನಿ. ಒಬ್ಬರ ಹತ್ತಿರ ಕೇಳಿದರೆ ಮೊಣಕೈ ಬಗ್ಗಿಸಬೇಡಿ ಅಂದರು, ಇನ್ನೊಬ್ಬರು ತಲೆ ಎತ್ತಬೇಡಿ ಅಂದರು, ಫೋನಿನಲ್ಲಿ ನೋಡಿದರೆ ಸೊಂಟ ಮೊದಲು ತಿರುಗಬೇಕು ಅಂದಿತು. ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಿ ನೂರಾ ಹದಿನೆಂಟು ಹೊಡೆತಕ್ಕೆ ಬಂದು ನಿಂತೆ. ನಮ್ಮ ಕ್ಲಬ್ಬಿನಲ್ಲಿ ತೊಂಬತ್ತರ ಹತ್ತಿರ ಮುಗಿಸಿದರೆ ಮರ್ಯಾದೆ, ನೂರು ದಾಟಿದರೆ ತಮಾಷೆ. ನಾಲ್ಕನೇ ಹೋಲಿನ ಹತ್ತಿರ ಒಂದು ಕೋಲನ್ನು ತಿರುಗಿಸಿ ಲಂಟಾನ ಪೊದೆಗೆ ಎಸೆದೆ. ಚೌಡಯ್ಯ ಹೋಗಿ ಹುಡುಕಿ ತಂದು, ಪಂಚೆಯಲ್ಲಿ ಒರೆಸಿ, ಮತ್ತೆ ಬ್ಯಾಗಿಗೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ಕಾರಿನಲ್ಲಿ ಕೂತು ಅತ್ತೆ. ಮನೆಗೆ ಬಂದು ಗ್ರೀನ್, ಅಂದರೆ ಗುಂಡಿಯ ಸುತ್ತಲಿನ ಹುಲ್ಲು, ಸರಿಯಾಗಿ ಕತ್ತರಿಸಿಲ್ಲ, ನೆಲವೇ ಏರುಪೇರು ಎಂದು ಕೂಗಾಡಿದಾಗ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ" ಎಂದರು. ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಡಿಸೆಂಬರಿನಲ್ಲಿ ಎಲ್ಲ ತೋಟಗಳಲ್ಲೂ ಹಣ್ಣು ಕೊಯ್ಲು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟಿತು, ಬೆಲ್ಟು ಹರಿಯಿತು, ಮೋಟಾರು ಸುಟ್ಟಿತು ಎಂದು ಜನ ಬೆಳಗ್ಗೆ ಏಳಕ್ಕೇ ಅಂಗಡಿ ಮುಂದೆ ನಿಲ್ಲುತ್ತಿದ್ದರು. ವಾರಕ್ಕೆ ಒಂದು ದಿನ ಆಡಲು ಸಿಕ್ಕರೆ ಹೆಚ್ಚು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಗೋಡೌನಿನಲ್ಲಿ ಅರ್ಧ ಇಂಚಿನ ಪೈಪು ಹಿಡಿದು ಬೀಸುತ್ತಿದ್ದೆ. ಗಿರಾಕಿ ಮಾತಾಡುವಾಗ ಅವರ ಕಾಲ ಹತ್ತಿರ ಚೆಂಡಿದೆ ಎಂದುಕೊಂಡು ನೋಡುತ್ತಿದ್ದೆ. ಒಮ್ಮೆ ಒಬ್ಬರು ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು.

ಯಾಕೋ ಏನೋ, ಜನವರಿಯಲ್ಲಿ ಎಲ್ಲ ಕೂಡಿಬಂತು. ಚೌಡಯ್ಯ ಒಂದೇ ಒಂದು ಮಾತು ಹೇಳಿದ್ದರು. "ಅಮ್ಮ, ಚೆಂಡಿನ ಮೇಲೆ ಸಿಟ್ಟು ಬ್ಯಾಡ. ಅದಕ್ಕೆ ನಿಮ್ಮ ಪರಿಚಯಾನೇ ಇಲ್ಲ." ನನಗೆ ನಗು ಬಂತು. ನಗುತ್ತಲೇ ಹೊಡೆದೆ, ಚೆಂಡು ನೆಟ್ಟಗೆ ಹೋಯಿತು. ಆ ತಿಂಗಳು ತೊಂಬತ್ತಾರು, ತೊಂಬತ್ತೆರಡು, ಒಂದು ದಿನ ಎಂಬತ್ತೊಂಬತ್ತು. ಅಂದು ಜಗಲಿಯಲ್ಲಿ ಕೂತಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೇಣುಕಪ್ರಸಾದರು ನನ್ನನ್ನು ಹೆಸರು ಹಿಡಿದು ಕರೆದರು. ಸಂತೋಷಕ್ಕೆ ನನಗೆ ಊಟ ಸೇರಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ನೂರಾ ನಾಲ್ಕು. ಮುಂದಿನ ವಾರ ತೊಂಬತ್ತೈದು. ಅದರ ಮುಂದಿನ ವಾರ ಒಂದೇ ಹೋಲಿನಲ್ಲಿ ಹನ್ನೊಂದು ಹೊಡೆತ. ಮೇಲೆ ಹತ್ತಿಸುವುದು, ಬೀಳಿಸುವುದು, ಮತ್ತೆ ಕೈ ಹಿಡಿದು ಹತ್ತಿಸುವುದು, ಈ ಆಟಕ್ಕೆ ಬೇರೆ ಕೆಲಸವಿಲ್ಲ. ರಾತ್ರಿ ನಿದ್ದೆಯಲ್ಲಿ ಕೈ ಬೀಸಿ ಯಜಮಾನರ ಭುಜಕ್ಕೆ ಹೊಡೆದೆನಂತೆ. ಅವರು ದಿಂಬು ಎತ್ತಿಕೊಂಡು ನಡುಮನೆಗೆ ಹೋದರು.

ಮಾರ್ಚಿನ ಮೊದಲ ವಾರ ಏಳು ಹೆಸರು ಬೋರ್ಡಿಗೆ ಬಂತು. ಎಂಟನೆಯ ಜಾಗಕ್ಕೆ ಉಳಿದವರು ಇಬ್ಬರು. ನಾನು ಮತ್ತು ಶಶಿಕಿರಣ್. ಆತ ಬಣಕಲ್ ಹತ್ತಿರದ ತೋಟದ ಹುಡುಗ, ಮೂವತ್ತೈದು ಇರಬಹುದು. ಒಳ್ಳೆಯವನು, ಅದೇ ನನಗೆ ಕಷ್ಟ. ಕೆಟ್ಟವನಾಗಿದ್ದರೆ ಸೋಲಿಸುವ ಹುಮ್ಮಸ್ಸಾದರೂ ಬರುತ್ತಿತ್ತು. ಭಾನುವಾರ ಇಬ್ಬರೂ ಜೊತೆಯಲ್ಲಿ ಹದಿನೆಂಟು ಹೋಲು ಆಡುವುದು, ಕಡಿಮೆ ಹೊಡೆತದಲ್ಲಿ ಮುಗಿಸಿದವರು ತಂಡಕ್ಕೆ, ಎಂದು ಕ್ಯಾಪ್ಟನ್ ತೀರ್ಮಾನ ಮಾಡಿದರು.

ಅದರ ಹಿಂದಿನ ವಾರ ಹೂಮಳೆ ಬಿದ್ದಿತ್ತು. ಭಾನುವಾರ ಹೊತ್ತಿಗೆ ಕಾಫಿ ಹೂವು ಪೂರ್ತಿ ಅರಳಿ, ಕ್ಲಬ್ಬಿನ ಬೇಲಿಯಾಚೆ ಎಲ್ಲ ಬೆಳ್ಳಗಾಗಿತ್ತು. ಘಮಕ್ಕೆ ತಲೆ ತಿರುಗುವಷ್ಟು. ಶಶಿಕಿರಣ್ ಮೂಸಿ ನೋಡಿ, "ಈ ವರ್ಷ ಭರ್ತಿ ಫಸಲು ಬಿಡಿ ಆಂಟಿ" ಎಂದ. ನನಗೆ ಫಸಲೂ ಬೇಡ ಹೂವೂ ಬೇಡ, ಎಂಟನೆಯ ಜಾಗ ಬೇಕಿತ್ತು. ಮೊದಲ ಒಂಬತ್ತು ಹೋಲಿನ ಹೊತ್ತಿಗೆ ಆತ ಒಂದು ಹೊಡೆತ ಮುಂದಿದ್ದ. ಎರಡನೇ ಸುತ್ತಿನಲ್ಲಿ ಮೂರನೇ ಹೋಲಿನಲ್ಲಿ ಸಮ ಮಾಡಿದೆ, ಆರರಲ್ಲಿ ಮುಂದೆ ಹೋದೆ. ಏಳು ಮುಗಿಸಿದಾಗ ನಾನು ಎರಡು ಹೊಡೆತ ಮುಂದಿದ್ದೆ.

ಎಂಟನೇ ಹೋಲಿನ ಬಲಕ್ಕೆ, ಕ್ಲಬ್ ಮಾಡುವಾಗ ಕೀಳದೆ ಬಿಟ್ಟ ನಾಲ್ಕಾರು ಹಳೇ ರೊಬಸ್ಟಾ ಗಿಡಗಳಿವೆ. ನನ್ನ ಚೆಂಡು ಹೋಗಿ ಅದರಲ್ಲಿ ಒಂದರ ಪಕ್ಕ ನಿಂತಿತ್ತು. ಶಶಿಕಿರಣ್ ಅತ್ತ ಎಡಗಡೆಯ ತಗ್ಗಿನಲ್ಲಿ ತನ್ನ ಚೆಂಡು ಹುಡುಕುತ್ತಿದ್ದ. ನಾನು ಕಾಲು ಊರಿ ನಿಂತು ಕೋಲು ಹಿಂದೆ ಎತ್ತಿ ನೋಡಿದೆ. ಗಿಡದ ಕಾಂಡದಿಂದ ಎದ್ದ ಒಂದು ಕಂಬಚಿಗುರು ಕೋಲಿಗೆ ತಾಗಿತು. ನನ್ನ ಎಡಗೈ ಹೋಯಿತು, ಚಿಗುರನ್ನು ಚಟ್ಟನೆ ಮುರಿದು ಕೆಳಗೆ ಹಾಕಿತು. ನಾನು ಯೋಚಿಸಲೇ ಇಲ್ಲ. ನಮ್ಮಪ್ಪನದು ಮೂರೇ ಎಕರೆ ತೋಟ. ಆಳು ಇಡುವ ಶಕ್ತಿ ಇರಲಿಲ್ಲ. ಅವ್ವ ಅಂಜನಮ್ಮ ಮತ್ತು ನಾನು ಸಾಲು ಹಿಡಿದು ಚಿಗುರು ತೆಗೆಯುತ್ತಿದ್ದೆವು. ಗಿಡದ ಪಕ್ಕ ಹಾದರೆ ಕೈ ತಾನಾಗಿ ಹೋಗುತ್ತದೆ, ನಡೆಯುತ್ತ ನಡೆಯುತ್ತಲೇ ಮುರಿಯುತ್ತದೆ. ನೂರಾರು ಎಕರೆಯವರಿಗೆ ಈ ಚಾಳಿ ಇರುವುದಿಲ್ಲ. ಅವರಿಗೆ ಅದನ್ನು ಮಾಡಲು ಮೇಸ್ತ್ರಿ, ಆಳುಗಳು ಇರುತ್ತಾರೆ.

ಹೊಡೆದೆ. ಚೆಂಡು ಚೆನ್ನಾಗಿಯೇ ಹೋಯಿತು. ಹತ್ತು ಹೆಜ್ಜೆ ನಡೆದ ಮೇಲೆ ಕೈ ಮಾಡಿದ್ದು ಏನೆಂದು ಹೊಳೆಯಿತು. ಬೀಸುವ ದಾರಿಗೆ ಅಡ್ಡ ಬರುವ ಬೆಳೆದ ಗಿಡವನ್ನು ಮುರಿಯುವ ಹಾಗಿಲ್ಲ, ಮುರಿದರೆ ಎರಡು ಹೊಡೆತ ದಂಡ. ಇದು ಕ್ಲಬ್ಬಿನ ಮಕ್ಕಳಿಗೂ ಗೊತ್ತಿರುವ ನಿಯಮ. ತಿರುಗಿ ನೋಡಿದೆ. ಚೌಡಯ್ಯ ಬ್ಯಾಗ್ ಹೊತ್ತು ಹಿಂದೆ ಬರುತ್ತಿದ್ದರು. ಅವರು ನೋಡಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಈ ಆಟದಲ್ಲಿ ತಪ್ಪನ್ನು ಆಡಿದವರೇ ಹೇಳಬೇಕು, ಕ್ಯಾಡಿ ಬಾಯಿ ಹಾಕುವುದಿಲ್ಲ.

ಒಂಬತ್ತನ್ನು ಹೇಗೆ ಆಡಿದೆನೋ ಗೊತ್ತಿಲ್ಲ. ಲೆಕ್ಕ ಹಾಕಿದರೆ ನನ್ನದು ತೊಂಬತ್ತೊಂದು, ಶಶಿಕಿರಣನದು ತೊಂಬತ್ತಮೂರು. ಆತ ಕೈ ಕುಲುಕಿ, "ಕಂಗ್ರಾಟ್ಸ್ ಆಂಟಿ, ನೀವೇ ಹೋಗ್ಬನ್ನಿ" ಎಂದ. ಜಗಲಿಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಚೌಡಯ್ಯ ಮೆಟ್ಟಿಲ ಕೆಳಗೆ ಬ್ಯಾಗ್ ಇಳಿಸಿ ನಿಂತಿದ್ದರು. ಕಾರ್ಡಿಗೆ ಸಹಿ ಹಾಕಲು ಪೆನ್ನು ಹಿಡಿದೆ. ಹೇಳಿದರೆ ತೊಂಬತ್ತಮೂರು, ಸಮ. ಹೇಳದಿದ್ದರೆ ಹಸಿರು ಶರ್ಟು ನನ್ನದು. ಪೆನ್ನು ಕೆಳಗಿಟ್ಟೆ.

"ಎಂಟನೇದ್ರಲ್ಲಿ ಎರಡು ಸೇರಿಸ್ಬೇಕು ನಂಗೆ. ರೊಬಸ್ಟಾ ಗಿಡದ ಚಿಗುರು ಮುರಿದುಹೋಯ್ತು, ಹೊಡೆಯೋ ಮುಂಚೆ" ಎಂದೆ.

ರೇಣುಕಪ್ರಸಾದರು ನಕ್ಕರು. "ಚಿಗುರು ಮುರಿಯೋದಾ? ಅದು ಆಳಿನ ಕೈ ಚಾಳಿ ಅಲ್ವಾ. ನಮ್ಮ ನಿಮ್ಮ ಕೈ ಎಲ್ಲಿ ಹೋಗ್ತದೆ ಅಲ್ಲಿಗೆ. ಚೌಡಯ್ಯ ಮುರಿದ್ನಾ?"

ನಮ್ಮ ನಿಮ್ಮ ಎಂದರು. ಐದು ವರ್ಷದಿಂದ ನಾನು ಕಾದಿದ್ದ ಮಾತು ಅದು. ಆ 'ನಮ್ಮ'ದೊಳಗೆ ನಾನೂ ಇದ್ದೆ. ಹತ್ತು ಜೊತೆ ಕಣ್ಣು ನನ್ನ ಮೇಲಿತ್ತು. ನಾನು ಹೌದೆಂದು ತಲೆ ಆಡಿಸಿದೆ.

ಕ್ಯಾಡಿ ಮುರಿದರೂ ದಂಡ ಆಡುವವರಿಗೇ. ಹಾಗಾಗಿ ಕಾರ್ಡಿನ ಮಟ್ಟಿಗೆ ನಾನು ಸುಳ್ಳು ಹೇಳಲಿಲ್ಲ. ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ರೇಣುಕಪ್ರಸಾದರು ಮೆಟ್ಟಿಲ ಕಡೆ ತಿರುಗಿ, "ಎಂತ ಚೌಡಯ್ಯ, ಇಷ್ಟು ವರ್ಷ ಆಗಿಯೂ ರೂಲ್ಸ್ ಗೊತ್ತಿಲ್ವಾ?" ಎಂದರು. ಚೌಡಯ್ಯ ನನ್ನನ್ನು ನೋಡಿದರು. ಆಮೇಲೆ, "ತಪ್ಪಾಯ್ತು ಸ್ವಾಮಿ" ಎಂದರು. ಇನ್ನು ಈ ಸೀಸನ್ನಿನ ಪಂದ್ಯಗಳಿಗೆ ಬ್ಯಾಗ್ ಹೊರುವುದು ಬೇಡ ಎಂದು ಅಲ್ಲೇ ತೀರ್ಪಾಯಿತು. ಇಬ್ಬರೂ ಸಮ ಇದ್ದರೆ ಯಾರು ಎಂದು ಚರ್ಚೆ ಬಂದಾಗ ಕ್ಯಾಪ್ಟನ್ ಎದ್ದು ನಿಂತರು. ಯಾರೂ ನೋಡದ ತಪ್ಪನ್ನು ತಾನಾಗಿ ಒಪ್ಪಿಕೊಂಡವರು ನಮ್ಮ ಕ್ಲಬ್ಬಿನ ಮರ್ಯಾದೆ, ತಂಡಕ್ಕೆ ಅವರೇ ಹೋಗಬೇಕು ಎಂದರು. ಮೊದಲು ಚಪ್ಪಾಳೆ ತಟ್ಟಿದವನು ಶಶಿಕಿರಣ್. ಬೋರ್ಡಿನ ಮೇಲೆ ನನ್ನ ಹೆಸರು ಬರೆದರು.

ಯಜಮಾನರು ಆಲ್ದೂರಿನ ತುಂಬ ಹೇಳಿಕೊಂಡು ಬಂದರು. ಬಂದವರೆಲ್ಲ, "ಏನಮ್ಮ, ನಿಮ್ಮ ಹಾಗಿರ್ಬೇಕು" ಎಂದರು. ಮೂರು ದಿನ ಕೇಳಿಸಿಕೊಂಡೆ. ಅಂಗಡಿಯಲ್ಲಿ ಕೂತರೆ ಏಳಬೇಕು ಅನ್ನಿಸಿತು, ಎದ್ದರೆ ಕೂರಬೇಕು ಅನ್ನಿಸಿತು. ಕಾಲಿಂಚು ಪೈಪು ಕೇಳಿದವರಿಗೆ ಒಂದಿಂಚಿನದು ಕೊಟ್ಟೆ. ನಾಲ್ಕನೇ ದಿನ ಸ್ಕೂಟಿ ಹತ್ತಿ ವಸ್ತಾರೆ ಕಡೆ ಚೌಡಯ್ಯನವರ ಮನೆಗೆ ಹೋದೆ.

ಅವರ ಹೆಂಡತಿ ಗಿಡ್ಡಮ್ಮ ಬಾಗಿಲಲ್ಲಿ ನಿಂತು, ಒಳಗೆ ಬನ್ನಿ ಎನ್ನದೆ ದಾರಿ ಬಿಟ್ಟರು. ಚೌಡಯ್ಯ ಹಿತ್ತಲಲ್ಲಿ ಕತ್ತಿ ಮಸೆಯುತ್ತಿದ್ದರು. ನಾನು ನಿಂತೇ, "ಚೌಡಯ್ಯ, ಕೊಡಗಿಗೆ ಹೋಗೋದು ತಪ್ಪಿಸಿದೆ ನಿಮ್ಗೆ" ಎಂದೆ.

"ಅದು ಬಿಡಿ ಅಮ್ಮ. ಹೋಗದಿದ್ರೆ ಸಾಯೋದಿಲ್ಲ." ಕತ್ತಿಯ ಬಾಯಿಗೆ ಬೆರಳಾಡಿಸಿ ನೋಡಿದರು. "ಸೋಮವಾರ ಹೋಗಿ ಆ ಗಿಡ ನೋಡಿದೆ. ನೀವು ಅರ್ಧಕ್ಕೆ ಮುರಿದಿದೀರಿ. ಬುಡ ಇಷ್ಟುದ್ದ ಹಂಗೇ ನಿಂತಿತ್ತು. ಹಂಗ್ ಮುರಿದ್ರೆ ಒಂದಿದ್ದಲ್ಲಿ ನಾಲ್ಕು ಚಿಗುರು ಬರ್ತಾವೆ. ಹೊಸ ಆಳೂ ಹಂಗೆ ಮಾಡೋದಿಲ್ಲ. ನಾನು ಮಾಡಿದ್ದು ಅಂತ ನೀವು ಅಂದ್ರಿ. ನೋಡಿದೋರು ಏನಂತಾರೆ? ಚೌಡಯ್ಯ ಮೇಸ್ತ್ರಿ ಕೈ ಹೀಗಾ ಅನ್ನೋದಿಲ್ವಾ? ಕತ್ತಿ ತಗೊಂಡ್ಹೋಗಿ ಬುಡ ಸರಿ ಮಾಡಿ ಬಂದೆ."

ಅವರ ಧ್ವನಿ ಏರಲಿಲ್ಲ. ನನಗೆ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಹೋದದ್ದು ಪ್ರವಾಸ, ನಾಲ್ಕು ದಿನದ ಕೆಲಸ ಎಂದುಕೊಂಡು ಸಮಾಧಾನ ಹೇಳಲು ಬಂದಿದ್ದೆ. ನಾನು ಕಿತ್ತುಕೊಂಡದ್ದು ನಲವತ್ತು ವರ್ಷದ ಹೆಸರು. ಹೆಸರಿಗಾಗಿ ಆರು ತಿಂಗಳಿಂದ ಒದ್ದಾಡುತ್ತಿದ್ದವಳಿಗೆ ಇದು ಹೊಳೆಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅವ್ವ ಹೇಳುತ್ತಿದ್ದಳು. ನನ್ನ ಮಾನ ಹೋದರೆ ಹೋಗಲಿ, ಇವರದನ್ನು ಕಳೆಯಲು ನಾನು ಯಾರು? ವಾಪಸು ಬರುವಾಗ ರಸ್ತೆ ಪಕ್ಕ ಸ್ಕೂಟಿ ನಿಲ್ಲಿಸಿ ಅತ್ತೆ. ಎರಡನೇ ಸಲ ಅತ್ತದ್ದು ಅದೇ.

ಶನಿವಾರ ಸಂಜೆ ಜಗಲಿ ತುಂಬಿತ್ತು. ತಂಡದವರಿಗೆ ಶರ್ಟು ಹಂಚಲು ಕರೆದಿದ್ದರು. ಬರುವುದಿಲ್ಲ ಎಂದಿದ್ದ ಚೌಡಯ್ಯನವರನ್ನು ಹಠ ಮಾಡಿ ಕರೆದುಕೊಂಡು ಹೋಗಿ, ಮೆಟ್ಟಿಲ ಕೆಳಗಲ್ಲ, ಜಗಲಿಯ ಮೇಲೆ ನಿಲ್ಲಿಸಿದೆ. ನನ್ನ ಹೆಸರು ಕರೆದಾಗ ಎದ್ದು ನಿಂತೆ.

"ಆ ಚಿಗುರು ಮುರಿದಿದ್ದು ಚೌಡಯ್ಯ ಅಲ್ಲ, ನಾನು. ನಮ್ಮಪ್ಪಂದು ಮೂರೆಕ್ರೆ. ನಾನೂ ನಮ್ಮವ್ವನೂ ಚಿಗುರು ಮುರಿದೇ ಬೆಳೆದಿದ್ದು. ಅದನ್ನ ಹೇಳೋಕೆ ನಾಚಿಕೆಯಾಗಿ ಇವ್ರ ಮೇಲೆ ಹಾಕಿದೆ. ಇವ್ರು ಮುರಿದಿದ್ರೆ ಅಷ್ಟು ಕೆಟ್ಟದಾಗಿ ಮುರೀತಿರ್ಲಿಲ್ಲ."

ರೇಣುಕಪ್ರಸಾದರು ತಬ್ಬಿಬ್ಬಾದರು. "ಹೋಗ್ಲಿ ಬಿಡಿ ರುದ್ರಾಣಿ ಅವ್ರೆ. ಯಾರು ಮುರಿದ್ರೂ ಎರಡೇ ಅಲ್ವಾ ದಂಡ. ಈಗ ಯಾಕೆ ಅದು."

"ನೀವು ನನ್ನ ಆರಿಸಿದ್ದು ಆಟಕ್ಕಲ್ಲ, ನಿಜ ಹೇಳ್ದೆ ಅಂತ. ನಾನು ಅರ್ಧ ನಿಜ ಹೇಳಿದ್ದು. ಆ ಜಾಗ ಶಶಿಕಿರಣ್‌ಗೆ ಕೊಡಿ. ಚೌಡಯ್ಯನವ್ರಿಗೆ ಹಾಕಿದ ಶಿಕ್ಷೆ ತೆಗೀರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರು ಲೋಟ ನೋಡಿದರು, ಒಬ್ಬರು ಫೋನು ನೋಡಿದರು. ಯಜಮಾನರು ಮಾತ್ರ ಎದ್ದು ಬಂದು ನನ್ನ ಪಕ್ಕ ನಿಂತು, "ಬಾ, ಮನೆಗೆ ಹೋಗುವ" ಎಂದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವರು ಅಷ್ಟು ಚೆಂದ ಕಂಡದ್ದಿಲ್ಲ.

ಪಂದ್ಯದ ಹಿಂದಿನ ದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದೆ. ಎದುರಿನ ಬಸ್ ನಿಲ್ದಾಣದಿಂದ ಚೌಡಯ್ಯ ರಸ್ತೆ ದಾಟಿ ಬಂದರು. ಒಗೆದ ಬಿಳಿ ಶರ್ಟು, ಕೈಯಲ್ಲಿ ಒಂದು ಚೀಲ. ಶಿಕ್ಷೆ ತೆಗೆದಿದ್ದರು, ಎಂಟನೆಯ ಜಾಗಕ್ಕೆ ಬಂದ ಶಶಿಕಿರಣ್ ಇವರನ್ನೇ ಕ್ಯಾಡಿಯಾಗಿ ಕರೆದಿದ್ದನಂತೆ. ಮೂಡಿಗೆರೆಗೆ ಹೋದರೆ ಅಲ್ಲಿಂದ ಜೀಪು.

"ಹೋಗಿ ಬರ್ತೀನಮ್ಮ" ಎಂದರು.

"ಹದಿನೆಂಟೂ ನೋಡ್ಕೊಂಡು ಬನ್ನಿ" ಎಂದೆ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಉರಿಯುತ್ತಿತ್ತು. ಅದರ ಜೊತೆಗೇ ಇನ್ನೊಂದು ಮಾತು ಬಾಯಿಗೆ ಬಂತು. "ನಾನು ಹೇಳದೇ ಇದ್ದಿದ್ರೆ ಏನ್ ಮಾಡ್ತಿದ್ರಿ ಚೌಡಯ್ಯ?"

"ಏನೂ ಇಲ್ಲ. ಸುಮ್ನಿರ್ತಿದ್ದೆ. ನಿಮ್ಮ ಬ್ಯಾಗ್ ಮಾತ್ರ ಮುಟ್ತಿರ್ಲಿಲ್ಲ."

"ಇನ್ನು ಮುಂದೆ ಮುಟ್ತೀರಾ?"

ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿಸಿತು.

"ಅಕ್ಟೋಬರ್ ಬರ್ಲಿ ಅಮ್ಮ, ನೋಡುವ" ಎಂದು ಹೇಳಿ ರಸ್ತೆ ದಾಟಿ ಬಸ್ಸು ಹತ್ತಿದರು.

ಅಕ್ಟೋಬರಿಗೆ ಇನ್ನೂ ಆರು ತಿಂಗಳಿತ್ತು.